ಮಲ್ಪೆಯ ಕಡಲತಡಿಯಲ್ಲಿ ಹೊಸ ಹೋಟೆಲಿನ ತಿಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆಗೆ ಹೊರಟ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಫೋನು ಮಾಡಿ ಕೇಳುವುದು ಬಹುಮಟ್ಟಿಗೆ ಒಂದೇ ಬಗೆಯ ಪ್ರಶ್ನೆಗಳನ್ನು. ಬೆಳಗಿನ ತಿಂಡಿಗೆ ಎಲ್ಲಿ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಏನು ತಿನ್ನಬೇಕು. ನಾನು ಹತ್ತಿರದಲ್ಲೇ ಇರುವವನು. ವಾರಕ್ಕೊಂದು ದಿನವಾದರೂ ಮನೆಯ ತಿಂಡಿ ಬಿಟ್ಟು, ಹಿಂದೆ ಕಾಲಿಡದ ಒಂದು ಹೋಟೆಲಿಗೆ ಹೋಗಿ ಕೂರುವುದು ಹಲವು ವರ್ಷಗಳ ರೂಢಿ. ಆ ರೂಢಿಯಿಂದ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮಲ್ಪೆ ಎಂದರೆ ಬೀಚ್ ಮಾತ್ರವೇ? ಎಲ್ಲಿಂದ ಹುಡುಕಲು ಶುರು ಮಾಡಬೇಕು?

ಉಡುಪಿಯಿಂದ ಸುಮಾರು ಆರು ಕಿಲೋಮೀಟರ್ ಪಶ್ಚಿಮಕ್ಕೆ ಬಂದರೆ ಮಲ್ಪೆ ಪೇಟೆ. ಅಲ್ಲಿಂದ ಮುಂದೆ ದಾರಿಗಳು ಕವಲೊಡೆಯುತ್ತವೆ. ಒಂದು ಮೀನುಗಾರಿಕಾ ಬಂದರಿಗೆ, ಒಂದು ವಡಭಾಂಡೇಶ್ವರದ ಬಲರಾಮ ದೇವಸ್ಥಾನದ ಬದಿಯಿಂದ ಬೀಚಿಗೆ. ಹೊಳೆಯ ಸೇತುವೆ ದಾಟಿ ತೆಂಕಕ್ಕೆ ಹೋದರೆ ಪಡುಕೆರೆ. ಅದು ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮನೆಗಳು ಮತ್ತು ತೆಂಗಿನ ಮರಗಳಿರುವ ಸಪೂರ ಪಟ್ಟಿ. ಬಡಗಿನ ಕಡೆ ತೊಟ್ಟಂ, ಹೂಡೆ ದಾಟಿ ಸಾಗಿದರೆ ಸುವರ್ಣಾ ನದಿ ಕಡಲು ಸೇರುವ ಕೋಡಿಬೆಂಗ್ರೆ.

ಒಂದೊಂದು ಕಡೆಯ ಬೆಳಗೂ ಬೇರೆ. ಬಂದರಿನ ಹತ್ತಿರದ ಹೋಟೆಲುಗಳು ದುಡಿಯುವವರಿಗಾಗಿ ಇರುವಂಥವು. ಅಲ್ಲಿ ತಿಂಡಿ ಬೇಗ, ಗಟ್ಟಿ, ಬಿಸಿ. ಪೇಟೆಯ ಹೋಟೆಲುಗಳಿಗೆ ಶಾಲೆ, ಬ್ಯಾಂಕು, ಬಸ್ಸಿಗೆ ಹೋಗುವವರು ಬರುತ್ತಾರೆ. ಬೀಚಿನ ಬದಿಯ ಅಂಗಡಿಗಳು ಪ್ರವಾಸಿಗಳನ್ನು ನೆಚ್ಚಿಕೊಂಡಿರುವುದರಿಂದ ತಡವಾಗಿ ಬಾಗಿಲು ತೆರೆಯುತ್ತವೆ. ಪಡುಕೆರೆ, ಹೂಡೆಯ ಕಡೆ ಮನೆಯ ಜಗಲಿಗೆ ಒಂದು ಮೇಜು, ಎರಡು ಬೆಂಚು ಹಾಕಿ ನಡೆಸುವ ಕ್ಯಾಂಟೀನುಗಳೂ ರಸ್ತೆಬದಿಯ ಗೂಡಂಗಡಿಗಳೂ ಸಿಗುತ್ತವೆ. ಹೊಸದನ್ನು ಹುಡುಕುವವರು ಬಂದರಿನಿಂದ ಶುರು ಮಾಡಿ ಪಡುಕೆರೆಗೆ ದಾಟಬೇಕು ಎಂಬುದು ನನ್ನ ಅಭಿಪ್ರಾಯ. ಬೀಚನ್ನು ಕೊನೆಗೆ ಇಟ್ಟುಕೊಳ್ಳಿ.

ಎಷ್ಟು ಗಂಟೆಗೆ ಬರಬೇಕು?

ಆರೂವರೆಗೆ. ಹೆಚ್ಚೆಂದರೆ ಏಳಕ್ಕೆ.

ರಜೆಯಲ್ಲಿ ಬಂದವರಿಗೆ ಇದು ಅನ್ಯಾಯ ಅನ್ನಿಸುತ್ತದೆ, ಗೊತ್ತು. ಆದರೆ ಮಲ್ಪೆಯ ಬೆಳಗಿನ ತಿಂಡಿ ನಡೆಯುವುದು ಬಂದರಿನ ಗಡಿಯಾರದಲ್ಲಿ. ಬೆಳಕು ಹರಿಯುವ ಮೊದಲೇ ದಕ್ಕೆಯಲ್ಲಿ ಬೋಟುಗಳಿಂದ ಮೀನು ಇಳಿಯುತ್ತಿರುತ್ತದೆ, ಏಲಂ ಕೂಗು ಕೇಳುತ್ತಿರುತ್ತದೆ, ಮಂಜುಗಡ್ಡೆಯ ಲಾರಿಗಳು ನಿಂತಿರುತ್ತವೆ. ಬುಟ್ಟಿ ಹೊರುವವರು, ಮೀನು ಮಾರಲು ಊರೂರಿಗೆ ಹೊರಟ ಹೆಂಗಸರು, ಟೆಂಪೋ ಚಾಲಕರು, ಬಲೆ ಸರಿಮಾಡುವವರು ಎಲ್ಲರಿಗೂ ಹೊಟ್ಟೆ ಹಸಿಯುವುದು ಉಳಿದ ಊರು ಹಲ್ಲುಜ್ಜುವ ಹೊತ್ತಿಗೆ. ಅವರಿಗಾಗಿ ಒಲೆ ಹೊತ್ತುತ್ತದೆ, ಅವರು ತಿಂದು ಎದ್ದ ಮೇಲೆ ಒಲೆ ತಣ್ಣಗಾಗುತ್ತದೆ. ಒಂಬತ್ತೂವರೆಗೆ ಹೋಗಿ ಕಡುಬು ಕೇಳಿದರೆ "ಖಾಲಿ" ಎಂಬ ಉತ್ತರ ಬರುತ್ತದೆ. ಅದು ಅಸಡ್ಡೆಯ ಉತ್ತರವಲ್ಲ. ಬೆಳಗ್ಗೆ ಮಾಡಿದ್ದು ಬೆಳಗ್ಗೆಯೇ ಮುಗಿಯಬೇಕು ಎಂಬ ಲೆಕ್ಕದಲ್ಲಿ ಅವರು ಹಿಟ್ಟು ರುಬ್ಬಿರುತ್ತಾರೆ. ಬೇಗ ಖಾಲಿಯಾಗುವ ಹೋಟೆಲನ್ನು ನಾನು ನೆನಪಿಟ್ಟುಕೊಂಡು ಮರುದಿನ ಬೇಗ ಹೋಗುತ್ತೇನೆ.

ಬೇಗ ಬಂದವರಿಗೆ ಇನ್ನೂ ಒಂದು ಲಾಭವಿದೆ. ನಮ್ಮದು ಪಡುವಣ ಕರಾವಳಿ. ಸೂರ್ಯ ಹುಟ್ಟುವುದು ಬೆನ್ನ ಹಿಂದೆ, ತೆಂಗಿನ ತೋಟಗಳ ಮೇಲೆ. ಹಾಗಾಗಿ ಎಂಟು ಗಂಟೆಯವರೆಗೂ ಮರಳು ತಂಪಾಗಿರುತ್ತದೆ, ತಿಂಡಿ ಮುಗಿಸಿ ನಡೆಯಬಹುದು. ಹತ್ತಕ್ಕೆ ಬಂದರೆ ಬೆವರು ಒರೆಸುವುದೇ ಕೆಲಸ.

ಗೊತ್ತಿಲ್ಲದ ಹೋಟೆಲ್ ಚೆನ್ನಾಗಿದೆಯೇ ಎಂದು ಕೂರುವ ಮೊದಲೇ ತಿಳಿಯುವುದು ಹೇಗೆ?

ಎಲ್ಲಕ್ಕಿಂತ ಹೆಚ್ಚು ಬಂದ ಪ್ರಶ್ನೆ ಇದು. ನಾನು ನೋಡುವುದು ಇವನ್ನು.

ಮೊದಲು, ಯಾರು ತಿನ್ನುತ್ತಿದ್ದಾರೆ ಎಂದು ನೋಡುತ್ತೇನೆ. ದಿನಾ ಬರುವವರನ್ನು ಗುರುತಿಸುವುದು ಸುಲಭ. ಅವರು ಬೋರ್ಡು ನೋಡುವುದಿಲ್ಲ, ಏನು ಬೇಕೆಂದು ಹೇಳುವುದೂ ಇಲ್ಲ. ಕೂತ ಕೂಡಲೇ ತಟ್ಟೆ ಬಂದುಬಿಡುತ್ತದೆ. ಅಂಥವರು ನಾಲ್ಕು ಜನ ಕಂಡರೆ ನಾನು ಐದನೆಯವನಾಗಿ ಕೂರುತ್ತೇನೆ. ಅವರಲ್ಲಿ ಹೆಂಗಸರೂ ಇದ್ದರೆ ಇನ್ನೂ ಧೈರ್ಯ. ಮನೆಯಲ್ಲಿ ತಾವೇ ಅಡುಗೆ ಮಾಡುವವರು ಕಾಸು ಕೊಟ್ಟು ತಿನ್ನುತ್ತಿದ್ದಾರೆ ಎಂದರೆ ಆ ತಿಂಡಿಯಲ್ಲಿ ಏನೋ ಇದೆ.

ಎರಡನೆಯದು, ತಿಂಡಿಗಳ ಸಂಖ್ಯೆ. ಬಾಗಿಲಲ್ಲೇ ನಿಂತು "ಇವತ್ತು ಏನುಂಟು?" ಎಂದು ಕೇಳಿ. ಮೂರೋ ನಾಲ್ಕೋ ಹೆಸರು ಹೇಳಿದರೆ ಒಳಗೆ ಹೋಗಿ. ಬೆಳಗ್ಗೆ ಏಳು ಗಂಟೆಗೆ ಇಪ್ಪತ್ತೈದು ಬಗೆ ಇದೆ ಎಂದರೆ ಅದರಲ್ಲಿ ಎಷ್ಟು ಈಗ ಬೆಂದದ್ದು, ಎಷ್ಟು ನಿನ್ನೆಯದ್ದು ಎಂಬ ಪ್ರಶ್ನೆ ಏಳುತ್ತದೆ.

ಮೂರನೆಯದು ಚಟ್ನಿ. ಕರಾವಳಿಯ ಚಟ್ನಿಯ ಜೀವ ಹಸಿ ತೆಂಗಿನಕಾಯಿ. ತುರಿದು ರುಬ್ಬಿದ ಕಾಯಿ ನಮ್ಮ ಸೆಕೆಗೆ ಬೇಗ ಹಳಸುತ್ತದೆ. ಹೊಸ ಹೋಟೆಲಿನಲ್ಲಿ ನಾನು ಮೊದಲು ಬೆರಳ ತುದಿಯಲ್ಲಿ ಚಟ್ನಿಯನ್ನಷ್ಟೇ ನೆಕ್ಕಿ ನೋಡುತ್ತೇನೆ. ಕಾಯಿಯ ಸಿಹಿ ಮೊದಲು ಬಂದು ಖಾರ ಹಿಂದಿನಿಂದ ಬಂದರೆ ಅದು ಈ ಬೆಳಗಿನದ್ದು. ನಾಲಿಗೆಯ ಬದಿಗೆ ಹುಳಿ ತಾಗಿ ನೊರೆಯಂಥ ವಾಸನೆ ಬಂದರೆ ಅಲ್ಲಿ ಚಾ ಕುಡಿದು ಏಳುತ್ತೇನೆ. ಹುಣಸೆಯ ಹುಳಿಗೂ ಹಳಸಿದ ಹುಳಿಗೂ ವ್ಯತ್ಯಾಸವಿದೆ, ಎರಡು ಸಲ ಮೋಸ ಹೋದರೆ ಮೂರನೆಯ ಸಲ ನಾಲಿಗೆ ತಾನೇ ಹೇಳುತ್ತದೆ.

ನೆಲ ಒದ್ದೆಯಾಗಿದೆ, ಗೋಡೆಯ ಬಣ್ಣ ಹೋಗಿದೆ ಎಂದು ಹಿಂದೆ ಸರಿಯಬೇಡಿ. ಉಪ್ಪುಗಾಳಿಗೆ ಇಲ್ಲಿ ಯಾವ ಬಣ್ಣವೂ ನಿಲ್ಲುವುದಿಲ್ಲ. ನೋಡಬೇಕಾದದ್ದು ಕೈ ಒರೆಸುವ ಬಟ್ಟೆ, ಲೋಟ ತೊಳೆಯುವ ನೀರು, ಬಾಣಲೆಯ ಎಣ್ಣೆಯ ಬಣ್ಣ.

ಕಡಲು ನೋಡುತ್ತ ತಿನ್ನುವ ಹಾಗಿಲ್ಲವೇ?

ತಿನ್ನಬಹುದು. ಆದರೆ ನನ್ನ ಅನುಭವ ಹೇಳಿಬಿಡುತ್ತೇನೆ. ಒಂದು ಡಿಸೆಂಬರಿನಲ್ಲಿ ಊರಿನಿಂದ ಬಂದ ದೊಡ್ಡಪ್ಪ, ದೊಡ್ಡಮ್ಮನನ್ನು ಅಲೆ ಕಾಣುವ ಮೇಜಿಗೇ ಕರೆದುಕೊಂಡು ಹೋಗಬೇಕೆಂದು ಹಟ ಮಾಡಿ ಒಂದು ಹೊಸ ಜಾಗಕ್ಕೆ ಹೋದೆ. ಮುಕ್ಕಾಲು ಗಂಟೆ ಕಾದ ಮೇಲೆ ಬಂದ ದೋಸೆ ತಣ್ಣಗಿತ್ತು, ಚಟ್ನಿ ಹುಳಿಯಾಗಿತ್ತು. ದೊಡ್ಡಮ್ಮ ಏನೂ ಹೇಳದೆ ದೋಸೆಗೆ ಸಕ್ಕರೆ ಕೇಳಿ ಹಾಕಿಸಿಕೊಂಡರು. ಜೀವನವಿಡೀ ಬೇರೆಯವರಿಗೆ ಬಿಸಿ ದೋಸೆ ಹುಯ್ದು ಬಡಿಸಿದವರು ಅವರು. ನನಗೆ ಆ ದಿನವಿಡೀ ಸಮಾಧಾನವಿರಲಿಲ್ಲ.

ಅಂದಿನಿಂದ ನಾನು ತಿಂಡಿಯನ್ನೂ ಕಡಲನ್ನೂ ಬೇರೆ ಮಾಡಿದ್ದೇನೆ. ಒಳಗಿನ ಓಣಿಯಲ್ಲಿ ಹೊಟ್ಟೆ ತುಂಬಿಸಿಕೊಂಡು, ಆಮೇಲೆ ಮರಳಿಗೆ ಬಂದು ಕೂರುವುದು. ಕಡಲ ಬದಿಯಲ್ಲೇ ಕೂರಬೇಕೆಂದಿದ್ದರೆ ಬಾಣಲೆಯಿಂದ ನೇರ ತಟ್ಟೆಗೆ ಬರುವ ಗೋಳಿಬಜೆ (ಮೈದಾ, ಮೊಸರಿನ ಬೋಂಡ), ಅಂಬಡೆ (ಬೇಳೆಯ ವಡೆ) ಇಂಥದ್ದನ್ನು ಕೇಳಿ. ಕಣ್ಣೆದುರಿಗೆ ಕರಿದದ್ದು ಹಳಸಿರಲು ಸಾಧ್ಯವಿಲ್ಲ.

ಮೊದಲ ಸಲ ಬರುವವರು ಏನು ತಿನ್ನಬೇಕು?

ಬನ್ಸ್ ಇದ್ದರೆ ಬನ್ಸ್. ಹೆಸರು ಕೇಳಿ ಬೇಕರಿಯ ಬನ್ ಅಂದುಕೊಳ್ಳಬೇಡಿ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸ್ವಲ್ಪ ಸಕ್ಕರೆ, ಜೀರಿಗೆ ಹಾಕಿ ರಾತ್ರಿಯೇ ಕಲಸಿಟ್ಟು, ಬೆಳಗ್ಗೆ ದಪ್ಪ ಪೂರಿಯಂತೆ ಲಟ್ಟಿಸಿ ಕರಿಯುತ್ತಾರೆ. ಚೆನ್ನಾಗಿ ಬಂದ ಬನ್ಸನ್ನು ಮುರಿದರೆ ಒಳಗೆ ಸಣ್ಣ ಸಣ್ಣ ಗೂಡುಗಳು ಕಾಣುತ್ತವೆ, ಬಾಳೆಹಣ್ಣಿನ ಪರಿಮಳ ಹಬೆಯೊಂದಿಗೆ ಮೇಲೆ ಬರುತ್ತದೆ. ಅದರ ಸಿಹಿಗೆ ಖಾರದ ಚಟ್ನಿ, ಸಾಂಬಾರು. ಹೊರಗಿನವರಿಗೆ ಈ ಜೋಡಿ ವಿಚಿತ್ರ ಅನ್ನಿಸುತ್ತದೆ. ಎರಡನೆಯ ತುತ್ತಿಗೆ ಸರಿಹೋಗುತ್ತದೆ.

ಸಜ್ಜಿಗೆ-ಅವಲಕ್ಕಿಯನ್ನು ಬಿಡಬೇಡಿ. ತುಳುವಿನಲ್ಲಿ ಇದು ಸಜ್ಜಿಗೆ-ಬಜಿಲ್. ಸಜ್ಜಿಗೆ ಎಂದರೆ ಉಪ್ಪಿಟ್ಟು, ಬಜಿಲ್ ಎಂದರೆ ಅವಲಕ್ಕಿ. ಕಾಯಿತುರಿ, ಬೆಲ್ಲ, ಖಾರದ ಪುಡಿ ಹಾಕಿ ಕಲಸಿದ ತೆಳು ಅವಲಕ್ಕಿಯನ್ನು ಬಿಸಿ ಉಪ್ಪಿಟ್ಟಿನ ಮೇಲೆ ಹಾಕಿಕೊಡುತ್ತಾರೆ. ಮೆತ್ತಗಿನದ್ದು, ಗರಿಗರಿಯದ್ದು, ಬಿಸಿ, ತಣ್ಣಗಿನದ್ದು, ಸಿಹಿ, ಖಾರ ಎಲ್ಲವೂ ಒಂದೇ ಚಮಚದಲ್ಲಿ. ಉಪ್ಪಿಟ್ಟೆಂದರೆ ಮುಖ ಸಿಂಡರಿಸುವವರನ್ನು ನಾನು ಈ ತಿಂಡಿಯಿಂದ ಗೆದ್ದಿದ್ದೇನೆ.

ಆಮೇಲೆ ಗೋಳಿಬಜೆ, ಒತ್ತು ಶ್ಯಾವಿಗೆ, ಪುಂಡಿ ಎಂಬ ಅಕ್ಕಿತರಿಯ ಉಂಡೆ, ಕಡುಬು. ಶ್ಯಾವಿಗೆಯ ಜೊತೆ ಕಾಯಿಹಾಲಿನ ರಸಾಯನ ಇದೆಯೇ ಎಂದು ಕೇಳಿ. ಎಲ್ಲ ದಿನ ಮಾಡುವುದಿಲ್ಲ. ಮಸಾಲೆದೋಸೆಯನ್ನು ಉಡುಪಿಯ ರಥಬೀದಿಯ ಸುತ್ತಲಿನ ಹೋಟೆಲುಗಳಿಗೆ ಬಿಡಿ. ಅದಕ್ಕಾಗಿ ಕಡಲತಡಿಗೆ ಬರಬೇಕಿಲ್ಲ.

ನೀರುದೋಸೆ ಈಗ ಎಲ್ಲ ಊರಿನಲ್ಲೂ ಸಿಗುತ್ತದೆ. ಇಲ್ಲಿಯದರಲ್ಲಿ ಏನು ವಿಶೇಷ?

ಪಡುಕೆರೆಯ ದಾರಿಯಲ್ಲಿ ಒಬ್ಬ ಅಕ್ಕ ದೋಸೆ ಹುಯ್ಯುವುದನ್ನು ಎಷ್ಟೋ ಬೆಳಗು ನಿಂತು ನೋಡಿದ್ದೇನೆ. ನೆನೆಸಿದ ಬೆಳ್ತಿಗೆ (ಬಿಳಿ) ಅಕ್ಕಿಯನ್ನು ನುಣ್ಣಗೆ ರುಬ್ಬಿ, ಮಜ್ಜಿಗೆಗಿಂತ ತೆಳ್ಳಗೆ ನೀರು ಬೆರೆಸಿಟ್ಟಿರುತ್ತಾರೆ. ಉದ್ದು ಇಲ್ಲ, ಹುಳಿ ಬರಿಸುವುದೂ ಇಲ್ಲ. ಅಕ್ಕಿ ತಳಕ್ಕೆ ಇಳಿಯುವುದರಿಂದ ಪ್ರತಿ ದೋಸೆಗೂ ಮುಂಚೆ ಸೌಟಿನಿಂದ ಅಡಿಮೇಲು ಮಾಡುತ್ತಾರೆ. ಕಾವಲಿಗೆ ಎಣ್ಣೆ ಸವರಿ, ಹೊಗೆಯಾಡುವಷ್ಟು ಕಾದ ಮೇಲೆ ಹಿಟ್ಟನ್ನು ಅಂಚಿನಿಂದ ಸುತ್ತುತ್ತ ನಡುವಿಗೆ ಹುಯ್ಯುತ್ತಾರೆ. ಸೌಟಿನಿಂದ ಹರಡುವ ಹಾಗಿಲ್ಲ, ಹರಡಿದರೆ ದೋಸೆಯ ತೂತುಗಳು ಮುಚ್ಚಿಹೋಗುತ್ತವೆ. ಚುಂಯ್ ಎಂಬ ಸದ್ದಿನೊಂದಿಗೆ ದೋಸೆಯ ತುಂಬ ತೂತುಗಳು ಎದ್ದ ಕೂಡಲೇ ಮುಚ್ಚಳ. ಅರ್ಧ ನಿಮಿಷ ಕಳೆದು ಮುಚ್ಚಳ ತೆಗೆದರೆ ಅಂಚು ತಾನೇ ಎದ್ದು ನಿಂತಿರುತ್ತದೆ. ಮಗುಚುವುದಿಲ್ಲ. ಎತ್ತಿ ಅಗಲ ತಟ್ಟೆಯ ಮೇಲೆ ಒಂದು ಕ್ಷಣ ಆರಲು ಬಿಟ್ಟು, ಆಮೇಲೆ ನಾಲ್ಕಾಗಿ ಮಡಚುತ್ತಾರೆ. ಬಿಸಿಯಲ್ಲೇ ಒಂದರ ಮೇಲೊಂದು ಹಾಕಿದರೆ ಅಂಟಿ ಮುದ್ದೆಯಾಗುತ್ತದೆ.

ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ ಒಂದೊಂದಾಗಿ ಹುಯ್ಯುವ ತಾಳ್ಮೆ ಬೇಕು. ದೊಡ್ಡ ಹೋಟೆಲುಗಳಲ್ಲಿ ಒಟ್ಟಿಗೆ ಐವತ್ತು ಹುಯ್ದು ಮುಚ್ಚಿಡುವುದರಿಂದ ದೋಸೆ ರಬ್ಬರಿನ ಹಾಗಾಗುತ್ತದೆ. ಸಣ್ಣ ಕ್ಯಾಂಟೀನು ಗೆಲ್ಲುವುದು ಇಲ್ಲಿ. ಜೊತೆಗೆ ಕಾಯಿ-ಬೆಲ್ಲ ಕೇಳಿ. ಮೀನು ತಿನ್ನುವವರಾದರೆ ಬಂಗುಡೆ ಮೀನಿನ ಗಸಿ, ಅಂದರೆ ಕಾಯಿ ಅರೆದ ದಪ್ಪ ಸಾರು.

ಬೆಳಗ್ಗೆಯೇ ಮೀನು ತಿನ್ನುತ್ತಾರೆಯೇ?

ತಿನ್ನುತ್ತಾರೆ. ರಾತ್ರಿಯಿಡೀ ಕಡಲಿನಲ್ಲಿದ್ದವರಿಗೆ ಅದು ಬೆಳಗಿನ ಉಪಾಹಾರವಲ್ಲ, ಊಟ. ಬಂದರಿನ ಸುತ್ತ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಬೂತಾಯಿ ಮೀನಿನ ಪುಳಿಮುಂಚಿ (ಹುಳಿ-ಖಾರದ ಸಾರು) ಸಿಗುವ ಜಾಗಗಳು ಬೆಳಗ್ಗೆಯೇ ತೆರೆದಿರುತ್ತವೆ. ಗಂಜಿ ಎಂದರೆ ಜ್ವರ ಬಂದಾಗಿನ ಊಟವೆಂದು ತಿಳಿದವರು ಒಮ್ಮೆ ಇಲ್ಲಿ ಕೂತು ನೋಡಬೇಕು. ಕೆಂಪು ಕುಚ್ಚಲಕ್ಕಿಯ ಅಗುಳು ಬಾಯಿಯಲ್ಲಿ ಸಿಗಬೇಕು, ತಿಳಿ ಬಿಸಿಯಾಗಿರಬೇಕು, ಪಕ್ಕದಲ್ಲಿ ಸುಟ್ಟ ಒಣಮೀನನ್ನು ಕಾಯಿ, ಮೆಣಸು, ಹುಣಸೆಯೊಂದಿಗೆ ತರಿತರಿಯಾಗಿ ಅರೆದ ಚಟ್ನಿ ನಿಂಬೆ ಗಾತ್ರದಷ್ಟು. ಅದಕ್ಕಿಂತ ಹೆಚ್ಚಿನದ್ದನ್ನು ನಾನು ಬೆಳಗಿನಿಂದ ಕೇಳುವುದಿಲ್ಲ.

ಪುಂಡಿಗೆ ಮರ್ವಾಯಿ ಗಸಿ ಸಿಕ್ಕಿದ ದಿನ ಬೇರೆ ಯೋಚನೆ ಬೇಡ. ಮರ್ವಾಯಿ ಎಂದರೆ ಹೊಳೆಯ ಮರಳಿನಲ್ಲಿ ಸಿಗುವ ಚಿಪ್ಪಿನ ಜೀವಿ. ಅಕ್ಕಿತರಿಯ ಉಂಡೆ ಆ ಮಸಾಲೆಯನ್ನು ಕುಡಿದುಕೊಂಡಿರುತ್ತದೆ. ಬಹುತೇಕ ಇದು ಮನೆಯ ಅಡುಗೆ, ಹೋಟೆಲಿನಲ್ಲಿ ಸಿಗುವುದು ಅದೃಷ್ಟ. ಸೋಮವಾರ, ಸಂಕಷ್ಟಿಯಂಥ ದಿನಗಳಲ್ಲಿ ಅನೇಕ ಮನೆಗಳಲ್ಲಿ ಮೀನು ಮಾಡುವುದಿಲ್ಲ. ಮನೆಯವರೇ ನಡೆಸುವ ಕ್ಯಾಂಟೀನುಗಳಲ್ಲೂ ಆ ದಿನ ಇಲ್ಲದಿರಬಹುದು.

ನಾವು ಶುದ್ಧ ಸಸ್ಯಾಹಾರಿಗಳು. ತೊಂದರೆಯಾಗುತ್ತದೆಯೇ?

ಇಲ್ಲ. ಪೇಟೆಯಲ್ಲೂ ವಡಭಾಂಡೇಶ್ವರದ ಕಡೆಯೂ ಸಸ್ಯಾಹಾರಿ ಹೋಟೆಲುಗಳಿವೆ. ಎರಡೂ ಮಾಡುವ ಕಡೆ ಹೋದರೆ ಮಾತ್ರ ಒಂದು ಮಾತು ಕೇಳಿ: ಕಾವಲಿ ಒಂದೆಯೇ, ಬೇರೆಯೇ? ಕೇಳಿದರೆ ಯಾರೂ ಬೇಸರಿಸುವುದಿಲ್ಲ, ಇದ್ದದ್ದನ್ನು ಹೇಳುತ್ತಾರೆ. ಇನ್ನೊಂದು ಎಚ್ಚರ, ಸಿಗಡಿ ತಿಂದರೆ ಮೈಗೆ ಆಗದವರಿಗೂ ಇದು ಅನ್ವಯ. ಒಣ ಸಿಗಡಿಯ ಚಟ್ನಿ ನೋಡಲು ಕೆಂಪು ಕಾಯಿಚಟ್ನಿಯ ಹಾಗೆಯೇ ಇರುತ್ತದೆ. ತುಳುವಿನಲ್ಲಿ ಸಿಗಡಿಗೆ ಎಟ್ಟಿ ಎನ್ನುತ್ತಾರೆ. "ಎಟ್ಟಿ ಚಟ್ನಿ" ಎಂದದ್ದು ಕಿವಿಗೆ ಬಿದ್ದರೆ ಗಮನಿಸಿ.

ಗೋಧಿ, ಮೈದಾ ಆಗದವರಿಗೆ ಈ ಊರು ಸ್ವರ್ಗ. ನೀರುದೋಸೆ, ಪುಂಡಿ, ಒತ್ತು ಶ್ಯಾವಿಗೆ, ಮೂಡೆ ಎಲ್ಲವೂ ಅಕ್ಕಿಯದ್ದು. ಬನ್ಸ್, ಗೋಳಿಬಜೆ, ಗೋಧಿರವೆಯ ಸಜ್ಜಿಗೆ ಮಾತ್ರ ಬೇಡ.

ಮೂಡೆ, ಕೊಟ್ಟೆ ಎರಡೂ ಒಂದೆಯೇ?

ಹಿಟ್ಟು ಒಂದೇ, ಎಲೆ ಬೇರೆ. ಉದ್ದು, ಅಕ್ಕಿಯ ಇಡ್ಲಿ ಹಿಟ್ಟನ್ನೇ ನಾಲ್ಕು ಹಲಸಿನೆಲೆಗಳನ್ನು ಕಡ್ಡಿಯಿಂದ ಚುಚ್ಚಿ ಮಾಡಿದ ದೊನ್ನೆಯಲ್ಲಿ ಬೇಯಿಸಿದರೆ ಕೊಟ್ಟೆ ಕಡುಬು, ತುಳುವಿನಲ್ಲಿ ಗುಂಡ. ಕೇದಗೆ ಜಾತಿಯ ಗಿಡದ ಉದ್ದನೆಯ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುರುಳಿಯಾಗಿ ಕೊಳವೆಯ ಹಾಗೆ ಹೆಣೆದು ಅದರಲ್ಲಿ ಬೇಯಿಸಿದರೆ ಮೂಡೆ. ಎಲೆ ಬಿಚ್ಚುವಾಗ ಬರುವ ಪರಿಮಳವೇ ಅರ್ಧ ರುಚಿ. ಕೃಷ್ಣಾಷ್ಟಮಿಗೆ ಉಡುಪಿಯ ಪೇಟೆಯಲ್ಲಿ ಹೆಣೆದ ಮೂಡೆ ಎಲೆಗಳು ರಾಶಿರಾಶಿಯಾಗಿ ಮಾರಾಟಕ್ಕೆ ಬರುತ್ತವೆ. ಹೋಟೆಲಿನಲ್ಲಿ ಮೂಡೆ ಇದೆ ಎಂದರೆ ಯಾರೋ ಕೂತು ಆ ಎಲೆಗಳನ್ನು ಒಂದೊಂದಾಗಿ ಸುತ್ತಿದ್ದಾರೆ ಎಂದರ್ಥ. ಸ್ಟೀಲ್ ಲೋಟದಲ್ಲಿ ಬೇಯಿಸಿದ ಕಡುಬಿಗೂ ಅದೇ ಬೆಲೆ ಇರಬೇಕೆಂದು ಚೌಕಾಸಿ ಮಾಡಬೇಡಿ.

ಮಳೆಗಾಲದಲ್ಲಿ ಬಂದರೆ ಏನೂ ಸಿಗುವುದಿಲ್ಲವಂತೆ, ಹೌದೇ?

ಬೇರೆಯದ್ದು ಸಿಗುತ್ತದೆ, ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಈ ನಿಷೇಧ. ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಹೊರರಾಜ್ಯಗಳಿಂದ ದುಡಿಯಲು ಬಂದವರು ಊರಿಗೆ ಹೋಗಿರುತ್ತಾರೆ, ಅವರನ್ನೇ ನೆಚ್ಚಿಕೊಂಡ ಕೆಲವು ಹೋಟೆಲುಗಳೂ ಬಾಗಿಲು ಹಾಕಿರುತ್ತವೆ. ನಾಡದೋಣಿಯವರು ಮಾತ್ರ ಕಡಲು ನೋಡಿಕೊಂಡು ಹೋಗಿಬರುತ್ತಾರೆ. ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಕ್ಕೂ ಆಗ ದೋಣಿಯಿಲ್ಲ. ನೀರಿಗೆ ಇಳಿಯುವ ಮಾತೇ ಬೇಡ, ಅಲೆಗಳು ಮನುಷ್ಯರನ್ನು ಕೇಳಿಕೊಂಡು ಬರುವುದಿಲ್ಲ.

ಆದರೆ ಆ ತಿಂಗಳುಗಳ ತಿಂಡಿಯನ್ನು ನಾನು ಬೇಸಿಗೆಯದಕ್ಕಿಂತ ಒಂದು ತೂಕ ಮೇಲೆ ಇಡುತ್ತೇನೆ. ಮಳೆ ಹಿಡಿದ ಕೂಡಲೇ ಕೆಸುವಿನ ಎಲೆ ಚಿಗುರುತ್ತದೆ, ಪತ್ರೊಡೆ ಶುರುವಾಗುತ್ತದೆ. ಅಕ್ಕಿ, ಮೆಣಸು, ಕೊತ್ತಂಬರಿ, ಬೆಲ್ಲದ ಹಿಟ್ಟನ್ನು ಎಲೆಗೆ ಸವರಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಹುಣಸೆ ಸಾಕಷ್ಟು ಬೀಳದಿದ್ದರೆ ಗಂಟಲು ತುರಿಸುತ್ತದೆ. ಹಾಗಾಗಿ ಹೊಸ ಹೋಟೆಲಿನಲ್ಲಿ ಒಂದು ತುಂಡು ತಿಂದು, ಎರಡು ನಿಮಿಷ ಕಾದು, ಆಮೇಲೆ ಇನ್ನೊಂದು. ನಾಗರಪಂಚಮಿಯ ಸುಮಾರಿಗೆ ಅರಿಶಿನ ಎಲೆಯ ಗಟ್ಟಿ, ಅಂದರೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿದ ಸಿಹಿ ಕಡುಬು. ಮಳೆಗೆ ಮುಂಚೆ ಬಂದರೆ ಹಲಸಿನ ಹಣ್ಣಿನ ಗಟ್ಟಿ.

ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್ ಸುಮಾರು) ಅಮಾವಾಸ್ಯೆಯ ಬೆಳಗು ತುಳುನಾಡಿನಲ್ಲಿ ಮೊದಲು ಹೊಟ್ಟೆಗೆ ಹೋಗುವುದು ಹಾಳೆಮರದ ತೊಗಟೆಯ ಕಷಾಯ. ಸೂರ್ಯ ಹುಟ್ಟುವ ಮೊದಲು, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರುವುದು ಪದ್ಧತಿ. ಆ ಕಹಿ ಇಳಿದ ಮೇಲೆ ಮೆಂತೆ ಗಂಜಿ. ಕರೆದವರ ಮನೆಯಲ್ಲಿ ಕುಡಿಯುವ ಅವಕಾಶ ಸಿಕ್ಕಿದರೆ ಕುಡಿಯಿರಿ. ನೀವೇ ಮರ ಹುಡುಕಿಕೊಂಡು ಹೋಗಬೇಡಿ, ಬೇರೆ ಮರದ ತೊಗಟೆ ಕುಡಿದರೆ ಜೀವಕ್ಕೇ ಅಪಾಯ.

ಮಟ್ಟು ಗುಳ್ಳ ಎಂದು ಕೇಳಿದ್ದೇವೆ. ತಿಂಡಿಗೆ ಸಿಗುತ್ತದೆಯೇ?

ಮಟ್ಟು ಎಂಬುದು ಮಲ್ಪೆಯ ತೆಂಕಕ್ಕೆ ಕಡಲಿನ ಬದಿಯಲ್ಲೇ ಇರುವ ಹಳ್ಳಿ. ಅಲ್ಲಿಯ ದುಂಡನೆಯ ಹಸಿರು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದರ ನಿಜವಾದ ಜಾಗ ಮಧ್ಯಾಹ್ನದ ಹುಳಿ. ಆದರೆ ಬಿಲ್ಲೆಯಾಗಿ ಹೆಚ್ಚಿ ಹಿಟ್ಟಿನಲ್ಲಿ ಅದ್ದಿ ಕರಿದ ಗುಳ್ಳ ಪೋಡಿ ಕೆಲವು ಕಡೆ ಬೆಳಗ್ಗೆಯೂ ಸಿಗುತ್ತದೆ. ಭತ್ತದ ಕೊಯ್ಲು ಮುಗಿದು ಗದ್ದೆಗೆ ಗುಳ್ಳ ಬಿದ್ದ ಮೇಲಿನ ತಿಂಗಳುಗಳಲ್ಲಿ ಕೇಳಿ.

ಮಕ್ಕಳಿಗೆ?

ನೀರುದೋಸೆ, ಕಾಯಿ-ಬೆಲ್ಲ. ಇಲ್ಲವೇ ಬನ್ಸ್. ಬೇರೆ ಯೋಚನೆ ಬೇಡ.

ನಮಗೆ ತುಳು, ಕೊಂಕಣಿ ಬಾರದು. ಹೇಗೆ ಮಾತನಾಡಬೇಕು?

ಕನ್ನಡ ಸಾಕು. ಅಕ್ಕಪಕ್ಕದವರು ತಮ್ಮತಮ್ಮಲ್ಲಿ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮಾತನಾಡುತ್ತಾರೆ, ನಿಮ್ಮ ಕಡೆ ತಿರುಗಿದರೆ ಕನ್ನಡ ಬರುತ್ತದೆ. ಹೆಂಗಸರನ್ನು ಅಕ್ಕ ಎನ್ನಿ, ಗಂಡಸರನ್ನು ಅಣ್ಣ ಎನ್ನಿ. ಹಳೆಯ ಸಸ್ಯಾಹಾರಿ ಹೋಟೆಲಾದರೆ ಅಡುಗೆಯವರನ್ನು ಭಟ್ಟರೇ ಎನ್ನುವ ರೂಢಿಯಿದೆ. ವಯಸ್ಸಾದವರನ್ನು ಏಕವಚನದಲ್ಲಿ ಕರೆಯಬೇಡಿ. ತಟ್ಟೆ ತಂದಿಟ್ಟವರು ಹುಡುಗರಾದರೂ ನೀವು, ತಾವು ಎಂದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಕುಡಿಯಲು ಕಾಫಿ ಚೆನ್ನಾಗಿರುತ್ತದೆಯೇ?

ಸಸ್ಯಾಹಾರಿ ಹೋಟೆಲುಗಳಲ್ಲಿ ಕಾಫಿ, ಬಂದರಿನ ಕಡೆ ಚಾ. ನನ್ನ ಆಯ್ಕೆ ಎರಡೂ ಅಲ್ಲ, ಕಷಾಯ. ಹುರಿದ ಕೊತ್ತಂಬರಿ, ಜೀರಿಗೆಯ ಪುಡಿಗೆ ಹಾಲು, ಬೆಲ್ಲ ಹಾಕಿ ಕುದಿಸಿದ್ದು. ಕರಿದದ್ದು ತಿಂದ ಮೇಲೆ ಹೊಟ್ಟೆಗೆ ಹಿತ.

ಇಷ್ಟೆಲ್ಲ ಹೇಳಿ ಹೋಟೆಲುಗಳ ಹೆಸರನ್ನೇ ಹೇಳಲಿಲ್ಲವಲ್ಲ?

ಉಡುಪಿಯ ಹೆಸರಾಂತ ಹೋಟೆಲುಗಳ ಹೆಸರು ಹೇಳಲು ಅಡ್ಡಿಯಿಲ್ಲ. ರಥಬೀದಿಯ ಹತ್ತಿರದ ಮಿತ್ರ ಸಮಾಜಕ್ಕೆ ಹೋಗಿ ಗೋಳಿಬಜೆ, ಬನ್ಸ್ ತಿನ್ನಿ. ಅವರಿಗೆ ಜನಸಂದಣಿ ಹೊಸದಲ್ಲ, ತಡೆದುಕೊಳ್ಳುತ್ತಾರೆ.

ಕಡಲತಡಿಯ ಸಣ್ಣ ಕ್ಯಾಂಟೀನುಗಳ ಮಾತು ಬೇರೆ. ನಾನು ಮೆಚ್ಚಿದ ಒಂದು ಜಾಗದ ಹೆಸರನ್ನು ಒಮ್ಮೆ ಉತ್ಸಾಹದಲ್ಲಿ ಹತ್ತಾರು ಜನರಿಗೆ ಹೇಳಿದ್ದೆ. ಅವರಲ್ಲಿ ಯಾರೋ ವಿಡಿಯೊ ಮಾಡಿ ಹಾಕಿದರು. ಮುಂದಿನ ಭಾನುವಾರ ಹೋಗಿ ನೋಡಿದರೆ ಓಣಿಯ ತುಂಬ ಕಾರುಗಳು. ಎರಡು ಬೆಂಚಿನ ಮನೆಗೆ ನಲವತ್ತು ಜನ. ದಿನಾ ಬರುತ್ತಿದ್ದ ಬಲೆ ಕೆಲಸದವರು ದೂರದಲ್ಲಿ ನಿಂತು ನೋಡಿ ಹಿಂದೆ ಹೋದರು. ಒಲೆಯ ಮುಂದಿದ್ದವರಿಗೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಆ ಗಲಾಟೆಯಲ್ಲಿ ಯಾರೋ ತಿಂಡಿ ತಡವಾಯಿತೆಂದು ರೇಗಿದರು. ಆ ದಿನ ನನಗೆ ಆದ ನಾಚಿಕೆ ಇನ್ನೂ ಹೋಗಿಲ್ಲ. ದಿನಕ್ಕೆ ಐದು ಸೇರು ಅಕ್ಕಿ ನೆನೆಹಾಕುವವರಿಗೆ ಐವತ್ತು ಸೇರಿನ ಗಿರಾಕಿಗಳು ಬಂದರೆ ಅದು ಉಪಕಾರವಾಗುವುದಿಲ್ಲ. ಹೇಗೆ ಹುಡುಕಬೇಕೆಂದು ಹೇಳಿದ್ದೇನೆ. ಹುಡುಕಿ, ಸಿಗುತ್ತದೆ.

ಹಾಗಾದರೆ ಫೋಟೊ ತೆಗೆಯಬಾರದೇ?

ತಟ್ಟೆಯದ್ದು ತೆಗೆಯಿರಿ. ಒಲೆಯ ಬುಡದಲ್ಲಿ ಬೆವರುತ್ತಿರುವವರದ್ದು ಬೇಕಾದರೆ ಮೊದಲು ಕೇಳಿ. ದಕ್ಕೆಯಲ್ಲೂ ಅಷ್ಟೇ. ಏಲಂ ನಡೆಯುವಾಗ ಮಂಜುಗಡ್ಡೆಯ ಪೆಟ್ಟಿಗೆಗಳು ಎಳೆದು ಬರುವ ದಾರಿಗೆ ಅಡ್ಡ ನಿಲ್ಲಬಾರದು.

ತಿಂಡಿ ಮುಗಿದ ಮೇಲೆ ಏನು ಮಾಡುವುದು?

ಸೇತುವೆ ದಾಟಿ ಪಡುಕೆರೆಯ ಮರಳಿಗೆ ನಡೆಯಿರಿ. ಅದೃಷ್ಟವಿದ್ದರೆ ಕೈರಂಪಣಿ ಕಾಣಸಿಗುತ್ತದೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಕಡಲಿಗೆ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಎರಡು ಸಾಲು ಜನ ಎಳೆಯುತ್ತಾರೆ. ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಕೊನೆಯವನು ಹಗ್ಗ ಬಿಟ್ಟು ಮುಂದೆ ಬಂದು ನೀರಿನ ಬದಿಯಲ್ಲಿ ಮತ್ತೆ ಹಿಡಿಯುತ್ತಾನೆ. ಸಾಲುಗಳು ಹತ್ತಿರವಾದಂತೆ ಬಲೆಯ ಹೊಟ್ಟೆ ಕಾಣುತ್ತದೆ, ಕಾಗೆ, ಹದ್ದುಗಳು ಇಳಿಯುತ್ತವೆ. ನನ್ನ ಜೊತೆ ಬಂದ ಒಬ್ಬ ಸೋದರಳಿಯ ಕೇಳಿಕೊಂಡು ಹಗ್ಗಕ್ಕೆ ಕೈ ಹಾಕಿದ್ದ. ಕೊನೆಗೆ ಅವನ ಕೈಗೂ ಒಂದು ಹಿಡಿ ಬೂತಾಯಿ ಹಾಕಿದರು. ಬೇಡವೆಂದರೂ ಬಿಡಲಿಲ್ಲ, ಎಳೆದವರಿಗೆ ಪಾಲು ಇದೆ ಎಂದರು.

ಹಣ ಕೊಡುವುದು ಹೇಗೆ?

ಮೊಬೈಲಿನಿಂದ ಕೊಡುವ ವ್ಯವಸ್ಥೆ ಈಗ ಗೂಡಂಗಡಿಯಲ್ಲೂ ಇದೆ. ಆದರೂ ಚಿಲ್ಲರೆ ಜೇಬಿನಲ್ಲಿರಲಿ. ಬೆಳಗಿನ ಮೊದಲ ಗಿರಾಕಿಯಾಗಿ ಐನೂರರ ನೋಟು ಚಾಚಬೇಡಿ.

ಊರಿಗೆ ಕಟ್ಟಿಸಿಕೊಂಡು ಹೋಗಲು ಯಾವುದು ಒಳ್ಳೆಯದು?

ಗೋಳಿಬಜೆ ಬೇಡ, ಬಸ್ಸು ಉಡುಪಿ ಮುಟ್ಟುವುದರೊಳಗೆ ಮೆತ್ತಗಾಗಿರುತ್ತದೆ. ನೀರುದೋಸೆಯೂ ಬೇಡ. ಬನ್ಸ್ ರಾತ್ರಿಯವರೆಗೆ ಚೆನ್ನಾಗಿರುತ್ತದೆ. ಪೂರ್ತಿ ಆರಿದ ಮೇಲೆ ಕಾಗದದಲ್ಲಿ ಕಟ್ಟಿಸಿ, ಬಿಸಿಯಲ್ಲೇ ಪ್ಲಾಸ್ಟಿಕ್ಕಿಗೆ ಹಾಕಿದರೆ ಬೆವರುತ್ತದೆ. ಮೂಡೆ ಎಲ್ಲಕ್ಕಿಂತ ಒಳ್ಳೆಯದು. ಎಲೆ ಬಿಚ್ಚದಿದ್ದರೆ ಮರುದಿನ ಬೆಳಗಿನವರೆಗೂ ಇರುತ್ತದೆ. ಚಟ್ನಿಯನ್ನು ಒಯ್ಯಬೇಡಿ, ಮನೆಗೆ ಹೋಗಿ ಹೊಸದಾಗಿ ರುಬ್ಬಿಕೊಳ್ಳಿ.

ಒಣಮೀನು ಕೊಳ್ಳುವುದಾದರೆ ಮೂರು ಪದರ ಕಾಗದ, ಅದರ ಮೇಲೆ ಬಿಗಿ ಮುಚ್ಚಳದ ಡಬ್ಬಿ. ನಮ್ಮ ಕಡೆಯ ಕಂಡಕ್ಟರುಗಳಿಗೆ ಆ ವಾಸನೆ ಅಭ್ಯಾಸ. ಘಟ್ಟ ಹತ್ತಿದ ಮೇಲೆ ಪಕ್ಕದ ಸೀಟಿನವರಿಗೆ ಹಾಗಲ್ಲ. ಡಬ್ಬಿಯನ್ನು ಕಾಲ ಬುಡದಲ್ಲಿ ಇಟ್ಟುಕೊಳ್ಳಿ, ಮೂಡೆಯ ಕಟ್ಟು ಮಾತ್ರ ಮಡಿಲಿನಲ್ಲಿರಲಿ.